ಕಲ್ಲುಮಂಟಿಯ ಕಂಬ

ಸಂತೆಯಲ್ಲಿ ಎಲ್ಲರ ಕೈಯಲ್ಲೂ ಒಂದೇ ತಕ್ಕಡಿ ಇದ್ದು, ಅದು ಗುಲಗಂಜಿಯಷ್ಟೂ ತಪ್ಪುವುದಿಲ್ಲ ಎಂದು ಎಲ್ಲರೂ ನಂಬಿಬಿಟ್ಟರೆ ಆ ಸಂತೆ ಎಷ್ಟು ದಿನ ನಡೆದೀತು? ನಮ್ಮ ಲೀಗಿನಲ್ಲಿ ಅದು ನಿಂತು ಆರು ವರ್ಷವಾಗಿತ್ತು.

ಲೀಗ್ ಎಂದರೆ ಮಹಿಳೆಯರ ಬಾಸ್ಕೆಟ್‌ಬಾಲ್ ಲೀಗ್. ಎಂಟು ಊರು, ಎಂಟು ತಂಡ. ನಾನು ಮಂಡ್ಯ ತಂಡದ ಕಾರ್ಯದರ್ಶಿ. ಹೆಸರು ಹೊಂಬಾಳೇಗೌಡ, ವಯಸ್ಸು ಅರವತ್ತೊಂದು. ಹಿಂದೆ ಬಾಸ್ಕೆಟ್‌ಬಾಲ್ ಆಡಿಯೇ ಬ್ಯಾಂಕಿನಲ್ಲಿ ಕೆಲಸ ಗಿಟ್ಟಿಸಿ, ಕ್ಯಾಷ್ ಕೌಂಟರಿನಲ್ಲಿ ಕೂತದ್ದಕ್ಕಿಂತ ಮೈದಾನದಲ್ಲಿ ಓಡಿದ್ದೇ ಹೆಚ್ಚು ಎಂದು ಮ್ಯಾನೇಜರುಗಳಿಂದ ಬೈಸಿಕೊಂಡವನು.

ಲೀಗಿನವರು ತಂದ ಯಂತ್ರದ ಹೆಸರೇ ತಕ್ಕಡಿ. ಪ್ರತಿ ಅಂಕಣದ ಮೇಲೆ ನಲವತ್ತು ಕ್ಯಾಮೆರಾ. ಯಾರು ಎಷ್ಟು ಎತ್ತರ ನೆಗೆದರು, ಚೆಂಡು ಯಾವ ಕೋನದಲ್ಲಿ ಹೋಯಿತು, ಎಲ್ಲಿ ತಗುಲಿ ತಪ್ಪಿತು ಎಂಬುದನ್ನೆಲ್ಲ ನುಂಗಿ, ಹಳೆಯ ಲಕ್ಷಾಂತರ ಆಟಗಳ ಜೊತೆ ಹೋಲಿಸಿ, ಈ ಹುಡುಗಿ ಇನ್ನು ಮುಂದೆ ಎಷ್ಟು ಲಕ್ಷ ಬಾಳುತ್ತಾಳೆ ಎಂದು ದಿನಾ ಬೆಳಿಗ್ಗೆ ಹೇಳುತ್ತದೆ. ಎಂಟು ತಂಡಗಳಿಗೂ ಅದೇ ಅಂಕಿ ಕಾಣುತ್ತದೆ. ಹೀಗಾಗಿ ಆಟಗಾರ್ತಿಯರ ಅದಲುಬದಲು ಎಂಬುದೇ ಸತ್ತುಹೋಯಿತು. ನಮ್ಮವಳನ್ನು ಕೊಡುತ್ತೇನೆ, ನಿಮ್ಮವಳನ್ನು ಕೊಡಿ ಎಂದರೆ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ಪರದೆ ಆಗಲೇ ತೋರಿಸುತ್ತಿರುತ್ತದೆ. ನಷ್ಟವಾಗುವವನು ಒಪ್ಪುವುದಿಲ್ಲ. ಇಬ್ಬರಿಗೂ ಸಮ ಎಂದಾದರೆ ಸುಮ್ಮನೆ ಇಬ್ಬರು ಹುಡುಗಿಯರ ಕೈಯಲ್ಲಿ ಸೂಟ್‌ಕೇಸ್ ಯಾಕೆ ಹೊರಿಸಬೇಕು?

ಅದಲುಬದಲಿನ ಗಡುವು ಪ್ರತಿ ವರ್ಷ ಸಂಕ್ರಾಂತಿಯ ಸಂಜೆ ಆರು ಗಂಟೆ. ಆರು ವರ್ಷದಿಂದ ಆ ದಿನ ನಾವು ಎಂಟೂ ಜನ ಕಾರ್ಯದರ್ಶಿಗಳು ಫೋನಿನಲ್ಲಿ ಪರಸ್ಪರ ಎಳ್ಳುಬೆಲ್ಲದ ಚಿತ್ರ ಕಳಿಸಿಕೊಂಡು ಮನೆಗೆ ಹೋಗುತ್ತಿದ್ದೆವು.

ಈ ಸಂಕ್ರಾಂತಿಯೂ ಹಾಗೆಯೇ ಮುಗಿಯಬೇಕಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಕ್ರೀಡಾಂಗಣದ ಮೇಲ್ಮಹಡಿಯ ಪರದೆ ಕೋಣೆಗೆ ಹೋದೆ. ಅಲ್ಲಿ ತಕ್ಕಡಿಯ ಅಂಕಿ ನೋಡಿಕೊಳ್ಳುವ ಸಬೀಹಾ ಒಬ್ಬಳೇ ಕೂತಿದ್ದಳು. ಇಪ್ಪತ್ತೇಳರ ಹುಡುಗಿ. ಗಣಿತದಲ್ಲಿ ಚಿನ್ನದ ಪದಕ ತಗೊಂಡವಳು, ಬಾಸ್ಕೆಟ್‌ಬಾಲನ್ನು ಒಂದು ದಿನವೂ ಮುಟ್ಟಿದವಳಲ್ಲ.

"ಸಾರ್, ಇವತ್ತು ಪಟ್ಟಿಯಿಂದ ಬೀಳೋರು ಒಬ್ಬಳೇ. ಬೆಳಗಾವಿ ತಂಡದ ಇಂಪನಾ. ಬೆಲೆ ಹದಿನೈದು ಲಕ್ಷಕ್ಕೆ ಇಳಿದೈತೆ" ಎಂದಳು.

ಲೀಗಿನ ನಿಯಮ ಹೀಗಿದೆ: ಗಡುವಿನ ಹೊತ್ತಿಗೆ ಯಾರ ಬೆಲೆ ಇಪ್ಪತ್ತು ಲಕ್ಷಕ್ಕಿಂತ ಕೆಳಗಿದೆಯೋ ಅವರ ಹೆಸರು ಸೀಸನ್ ಮುಗಿದ ಮೇಲೆ ಪಟ್ಟಿಯಿಂದ ಹೋಗುತ್ತದೆ. ಮತ್ತೆ ಯಾವ ತಂಡವೂ ಅವರನ್ನು ತೆಗೆದುಕೊಳ್ಳುವಂತಿಲ್ಲ. ಉಳಿಯುವ ದಾರಿ ಒಂದೇ. ಗಡುವಿನೊಳಗೆ ಬೇರೆ ತಂಡ ಕರೆದುಕೊಂಡರೆ ಹೊಸದಾಗಿ ತೂಗಲು ಒಂದು ವರ್ಷ ಸಿಗುತ್ತದೆ.

"ವಯಸ್ಸೆಷ್ಟು?"

"ಇಪ್ಪತ್ತಮೂರು. ಆರಡಿ ಒಂದಿಂಚು. ಕಾಲಲ್ಲಿ ಬಲ ಇಲ್ಲ ಅನ್ನುತ್ತೆ ತಕ್ಕಡಿ. ಚೆಂಡು ರಿಂಗಿಗೆ ಸಾಲಲ್ವಂತೆ."

ನಮಗೆ ದೂರದಿಂದ ಚೆಂಡು ಹಾಕುವವಳೊಬ್ಬಳು ಬೇಕೇ ಬೇಕಿತ್ತು. ಆ ಒಂದು ಕೊರತೆಯಿಂದ ಮೂರು ವರ್ಷ ಸೆಮಿಫೈನಲ್‌ನಲ್ಲಿ ಮುಗ್ಗರಿಸಿದ್ದೆವು. ಬಡವ ಚಿನ್ನದಂಗಡಿ ನೋಡುವ ಹಾಗೆ, ಸುಮ್ಮನೆ, ಅವಳು ತಪ್ಪಿದ ಎಸೆತಗಳನ್ನೆಲ್ಲ ತೋರಿಸು ಎಂದೆ. ಸಬೀಹಾ ಒಂದು ರಿಂಗಿನ ಚಿತ್ರ ತಂದು, ಮೂರು ವರ್ಷದಲ್ಲಿ ಇಂಪನಾ ತಪ್ಪಿದ ಒಂದೊಂದು ಎಸೆತಕ್ಕೂ ಒಂದೊಂದು ಕೆಂಪು ಚುಕ್ಕೆ ಇಟ್ಟಳು.

ನಾನು ಕುರ್ಚಿಯಿಂದ ಎದ್ದು ನಿಂತೆ.

ಕಾಲು ಸೋತವರ ಚೆಂಡು ಗಿಡ್ಡ ಬೀಳುವುದು ನಿಜ. ಆದರೆ ಒಂದು ಗೇಣು ಗಿಡ್ಡ, ಮತ್ತೊಂದು ಮೊಳ ಗಿಡ್ಡ, ಹೀಗೆ ಎಲ್ಲೆಲ್ಲೋ ಬೀಳುತ್ತದೆ. ಇವಳ ಚುಕ್ಕೆಗಳೆಲ್ಲ ರಿಂಗಿನ ಮುಂದಿನ ಅಂಚಿನಲ್ಲಿ ಒಂದು ಅಂಗೈಯಗಲ ಜಾಗದಲ್ಲಿ ಕುಂತಿದ್ದವು.

"ಆಟ ಶುರುವಾದಾಗಿನ ಹತ್ತು ನಿಮಿಷದ್ದು ಮಾತ್ರ ತೋರಿಸವ್ವ. ಆಮೇಲೆ ಕೊನೇ ಹತ್ತು ನಿಮಿಷದ್ದು."

ತೋರಿಸಿದಳು. ಎರಡೂ ಒಂದೇ ಥರ ಇದ್ದವು.

"ದಣಿದ ಕಾಲು ಆಟಕ್ಕೆ ಮುಂಚೇನೇ ದಣಿದಿರ್ತದಾ?" ಎಂದೆ.

"ಯಾವಾಗಲೂ ಇರೋ ಬಲಹೀನತೆ ಅಂತೈತೆ ತಕ್ಕಡಿ. ಅದಕ್ಕೇ ಬೆಳಗಾವಿಯೋರು ಅವಳಿಗೆ ದಿನಾ ಮುನ್ನೂರು ಮೆಟ್ಟಿಲು ಹತ್ತಿಸ್ತಾ ಅವ್ರೆ."

"ಯಾವೂರೋಳು ಅವಳು?"

ಸಬೀಹಾ ಬೆರಳಾಡಿಸಿದಳು. "ಓ, ನಮ್ಮ ಜಿಲ್ಲೆಯೋಳೇ ಸಾರ್. ಕಲ್ಲುಮಂಟಿ. ಅಲ್ಲಿಯ ಹೈಸ್ಕೂಲ್ ಮೈದಾನದಲ್ಲೇ ಎಂಟು ವರ್ಷದೋಳಿದ್ದಾಗಿಂದ ಆಡಿದ್ದು."

ನಾನು ಕಾಫಿ ಲೋಟ ಮೇಜಿನ ಮೇಲೆ ಇಟ್ಟೆ.

ಕಲ್ಲುಮಂಟಿ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಕಂಬ ನೆಟ್ಟವನು ನಾನು. ಇಪ್ಪತ್ತೊಂಬತ್ತು ವರ್ಷದ ಹಿಂದೆ, ಬ್ಯಾಂಕಿನ ಕ್ರೀಡಾ ಸಂಘದ ಕೊಡುಗೆಯಾಗಿ. ಎದುರು ಬದುರು ಎರಡು ಕಂಬ ಹಾಕುವಷ್ಟು ಹಣವಿರಲಿಲ್ಲ, ಒಂದೇ ಹಾಕಿದ್ದೆವು. ಮಣ್ಣಿನ ನೆಲದಿಂದ ರಿಂಗಿನವರೆಗೆ ಸ್ಟೀಲ್ ಟೇಪು ಹಿಡಿದು, ಹತ್ತು ಅಡಿಗೆ ಒಂದು ಕೂದಲೂ ಹೆಚ್ಚುಕಮ್ಮಿ ಆಗದಂತೆ ನಾನೇ ಅಳೆದಿದ್ದೆ. ಎಂಟು ತಿಂಗಳ ಮೇಲೆ ಪಂಚಾಯತಿ ಹಣ ಬಂತು, ಆ ಮಣ್ಣಿನ ಮೇಲೆ ಕಾಂಕ್ರೀಟು ಹಾಕಿದರು. ಅದರ ಉದ್ಘಾಟನೆಗೂ ನನ್ನನ್ನು ಕರೆದರು. ಬೋಂಡಾ ತಿಂದು, ಹಾರ ಹಾಕಿಸಿಕೊಂಡು, ಕ್ರೀಡೆಯ ಮಹತ್ವದ ಬಗ್ಗೆ ಇಪ್ಪತ್ತು ನಿಮಿಷ ಕೊರೆದು ಬಂದಿದ್ದೆ. ನೆಲ ಮೇಲೆ ಬಂದರೆ ರಿಂಗು ಕೆಳಗೆ ಬಂದ ಹಾಗೆಯೇ ಎಂದು ಯಾರಿಗೂ ಹೊಳೆಯಲಿಲ್ಲ. ಟೇಪು ಮತ್ತೆ ಯಾರೂ ಹಿಡಿಯಲಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಕೆಟ್ಟದ್ದು, ಅದನ್ನೂ ಹೇಳಿಬಿಡುತ್ತೇನೆ. ನಾನು ಏಳೆಂಟು ವರ್ಷ ಜಿಲ್ಲಾ ಆಯ್ಕೆ ಸಮಿತಿಯಲ್ಲಿದ್ದೆ. ಕಲ್ಲುಮಂಟಿಯ ಮಕ್ಕಳು ಪ್ರತಿ ವರ್ಷ ಬಸ್ಸು ಹತ್ತಿ ಬರುತ್ತಿದ್ದರು, ಪ್ರತಿ ವರ್ಷ ಮುಂದಿನ ಅಂಚಿಗೆ ಹೊಡೆದು ವಾಪಸು ಹೋಗುತ್ತಿದ್ದರು. ಅವರ ಹೆಸರಿನ ಮುಂದೆ ನಾನೇ ನನ್ನ ಪೆನ್ನಿನಿಂದ ಬರೆದದ್ದುಂಟು: ಕಾಲಿನಲ್ಲಿ ಬಲ ಸಾಲದು. ತಕ್ಕಡಿಗೆ ಈ ಪಾಠ ಹೇಳಿಕೊಟ್ಟವರು ನನ್ನಂಥ ಹಳೆಯ ತಲೆಗಳೇ. ಅದು ನೋಡಿದ ಲಕ್ಷಾಂತರ ಆಟಗಳಲ್ಲಿ ಎಲ್ಲ ರಿಂಗೂ ಹತ್ತೇ ಅಡಿ. ಚೆಂಡು ಗಿಡ್ಡವಾದರೆ ತಪ್ಪು ಕಾಲಿನದು, ಮತ್ತಿನ್ನೇನು? ಈ ಹುಡುಗಿ ಎಲ್ಲಿ ಕಲಿತಳು ಎಂದು ಅದು ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

"ಲೀಗಿಗೆ ಹೇಳ್ಬುಡಿ ಸಾರ್. ಅವ್ರೇ ಸರಿ ಮಾಡ್ತಾರೆ" ಎಂದಳು ಸಬೀಹಾ, ನಾನು ಎಲ್ಲ ಹೇಳಿ ಮುಗಿಸಿದ ಮೇಲೆ.

"ಹೇಳಿದ್ರೆ ಅವರು ಒಂದು ಸಮಿತಿ ಮಾಡ್ತಾರೆ. ಸಮಿತಿ ಎರಡನೇ ಸಲ ಟೀ ಕುಡಿಯೋದ್ರೊಳಗೆ ಆರು ಗಂಟೆ ಹೊಡೀತದೆ. ಅವಳ ಹೆಸರು ಹೋಗಿರ್ತದೆ."

ಅದು ನಿಜವಾದ ಕಾರಣ. ಅದರ ಹಿಂದೆ ಇನ್ನೊಂದು ಕಾರಣವೂ ಇತ್ತು, ನಾನೇನೂ ಸಂತನಲ್ಲ. ಆ ಹುಡುಗಿ ನಮ್ಮ ತಂಡಕ್ಕೆ ಬೇಕಾಗಿತ್ತು. ಆರು ವರ್ಷದ ಮೇಲೆ ಮೊದಲ ಸಲ ನನ್ನ ಹತ್ತಿರ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಸಂತೆಯಲ್ಲಿ ಒಳ್ಳೆಯ ಹೋರಿ ಕಂಡು, ಅದನ್ನು ನೋಡದವನಂತೆ ಪಕ್ಕದ ಎಮ್ಮೆಯ ಹಲ್ಲು ಎಣಿಸುತ್ತಿದ್ದ ನಮ್ಮಪ್ಪನ ಮುಖ ನೆನಪಾಯಿತು.

ಆದರೆ ಕಾಂಕ್ರೀಟು ಎಷ್ಟು ದಪ್ಪ ಎಂದು ನನಗೆ ಗೊತ್ತಿರಲಿಲ್ಲ. ಯಾರಾದರೂ ಪುಣ್ಯಾತ್ಮರು ಆಮೇಲೆ ರಿಂಗು ಸರಿಮಾಡಿಸಿದ್ದರೂ ಇರಬಹುದು. ಅಳೆಯಬೇಕು. ತಂಡದವರನ್ನು ಕಳಿಸಿದರೆ ಮಧ್ಯಾಹ್ನದೊಳಗೆ ಸುದ್ದಿ ಎಂಟೂ ಊರು ಸುತ್ತುತ್ತದೆ. ಹೆಂಡತಿಗೆ ಫೋನು ಮಾಡಿದೆ.

ನೀಲಗಂಗಾ, ನನಗೆ ನೀಲಾ, ಗೋಕಾಕದವಳು. ಬ್ಯಾಂಕಿನ ಕ್ರೀಡಾಕೂಟದಲ್ಲಿ ಬೆಳಗಾವಿ ವಿಭಾಗದ ಪರವಾಗಿ ಖೋ ಖೋ ಆಡಲು ಬಂದು, ನನ್ನನ್ನು ಮದುವೆಯಾಗಿ ಮಂಡ್ಯದಲ್ಲಿ ಮೂವತ್ತು ವರ್ಷ ಮುದ್ದೆ ತಿಂದವಳು. ನಾಲಿಗೆ ಮಾತ್ರ ಇನ್ನೂ ಗೋಕಾಕದಲ್ಲೇ ಇದೆ. ರಿಟೈರಾದ ಮೇಲಾದರೂ ಆ ಕಡೆ ಹೋಗಿ ಇರೋಣ ಎಂದು ಕೇಳುತ್ತಲೇ ಇದ್ದಾಳೆ. ಈ ಸೀಸನ್ ಮುಗೀಲಿ ಎಂದು ನಾನು ಹೇಳುತ್ತಲೇ ಇದ್ದೇನೆ.

"ಹಬ್ಬದ ದಿನ ಕಂಬ ಅಳೀಲೇನ್ರಿ? ತಲಿ ನೆಟ್ಟಗೈತಿಲ್ಲೋ?"

"ಸ್ಕೂಟರಲ್ಲಿ ಮುಕ್ಕಾಲು ಗಂಟೆ ದಾರಿ ಕಣೆ. ಸ್ಟೀಲ್ ಟೇಪು ಮೀಟರ್ ಬಾಕ್ಸಿನ ಮೇಲೈತೆ. ಒಂದು ಹುಡುಗೀ ಜೀವನದ ಪ್ರಶ್ನೆ."

"ರಿಂಗಿನ ತನಕಾ ನನ್ನ ಕೈ ನಿಲಕತೈತೇನು?"

"ಪೂಜೆಗೆ ತಂದ ಕಬ್ಬು ಐತಲ್ಲ, ಟೇಪಿನ ತುದೀನ ಅದಕ್ಕೆ ಕಟ್ಟು."

ಹೋಳಿಗೆ ಬೇಯಿಸಿಟ್ಟು, ಅಕ್ಕಪಕ್ಕದವರಿಗೆ ಎಳ್ಳು ಬೀರಿ ಹೋಗುತ್ತೇನೆ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಿ ಎಂದಳು.

ನಾನು ಲೆಕ್ಕಕ್ಕೆ ಕೂತೆ. ಬೆಂಚಿನ ಮೇಲೆ ಕೂರುವ ಹದಿನೈದು ಜನ, ಎಂದರೆ ಹನ್ನೆರಡು ಆಟಗಾರ್ತಿಯರು, ಕೋಚ್, ಫಿಸಿಯೋ ಮತ್ತು ಕಾರ್ಯದರ್ಶಿ, ಇವರ ಒಟ್ಟು ಸಂಬಳ ಒಂಬತ್ತು ಕೋಟಿ ದಾಟುವಂತಿಲ್ಲ. ಇಂಪನಾಳ ಬೆಲೆ ಹದಿನೈದಕ್ಕೆ ಇಳಿದಿದ್ದರೂ ಮೂರು ವರ್ಷದ ಹಿಂದೆ ಅವಳ ಎತ್ತರ ನೋಡಿ ಒಪ್ಪಿಕೊಂಡ ಸಂಬಳ ನಲವತ್ತೆರಡು ಲಕ್ಷ. ಕರೆದುಕೊಳ್ಳುವ ತಂಡ ಅದನ್ನೇ ಕೊಡಬೇಕು. ನಮ್ಮಲ್ಲಿ ಮಿತಿಗೆ ಉಳಿದಿದ್ದದ್ದು ನಾಲ್ಕು ಲಕ್ಷ. ಮೂವತ್ತೆಂಟು ಲಕ್ಷದ ಯಾರನ್ನಾದರೂ ಬೆಳಗಾವಿಗೆ ಕೊಟ್ಟರೆ ಮಾತ್ರ ಲೆಕ್ಕ ಕೂಡುತ್ತದೆ.

"ಶಾರ್ವರಿನ ಕೊಟ್ರೆ?" ಎಂದಳು ಸಬೀಹಾ.

"ಚೆಂಡು ತಂದುಕೊಡೋಳೇ ಅವಳು. ಅವಳನ್ನ ಕೊಟ್ಟು ಇವಳಿಗೆ ಚೆಂಡು ಯಾರು ಕೊಡ್ತಾರೆ? ನೀನಾ?"

ಒಬ್ಬೊಬ್ಬರ ಹೆಸರ ಮೇಲೂ ಬೆರಳಿಟ್ಟೆವು. ಒಬ್ಬಳಿಗೆ ಸಂಬಳ ಹೆಚ್ಚು, ಇನ್ನೊಬ್ಬಳಿಗೆ ಕಮ್ಮಿ, ಮತ್ತೊಬ್ಬಳ ಮೊಣಕಾಲಿಗೆ ಬ್ಯಾಂಡೇಜು. ಹನ್ನೆರಡೂ ಮುಗಿದವು. ಕೋಚನ್ನು ಮುಟ್ಟುವಂತಿಲ್ಲ. ಫಿಸಿಯೋಗೆ ಹದಿನಾರು ಲಕ್ಷ. ಪಟ್ಟಿಯ ಹದಿನೈದನೆಯ ಸಾಲಿಗೆ ಬಂದಾಗ ಸಬೀಹಾ ಬೆರಳು ಹಿಂದಕ್ಕೆ ತೆಗೆದಳು.

ಹೊಂಬಾಳೇಗೌಡ, ಕಾರ್ಯದರ್ಶಿ, ಮೂವತ್ತೆಂಟು ಲಕ್ಷ.

ನಾನು ನಗತೊಡಗಿದೆ. ಬೆಂಚಿನವರು ಯಾರನ್ನು ಬೇಕಾದರೂ ಅದಲುಬದಲು ಮಾಡಬಹುದು ಎಂದು ನಿಯಮದಲ್ಲಿದೆ, ಅದನ್ನು ಬರೆದವರಿಗೂ ಮರೆತುಹೋಗಿರಬೇಕು. ಕಾರ್ಯದರ್ಶಿಗಳನ್ನು ತೂಗುವ ವಿದ್ಯೆ ತಕ್ಕಡಿಗೆ ಇನ್ನೂ ಬಂದಿಲ್ಲ. ಸಂಬಳ ಎಷ್ಟೋ ಬೆಲೆಯೂ ಅಷ್ಟೇ ಎಂದು ಅದು ಹಿಡಿಯುತ್ತದೆ. ಅಂದರೆ ಪರದೆಯ ಮೇಲೆ ಮಂಡ್ಯ ಮೂವತ್ತೆಂಟರ ಮಾಲು ಕೊಟ್ಟು ಹದಿನೈದರ ಮಾಲು ತರುತ್ತಿದೆ. ನನ್ನನ್ನು ಇಷ್ಟು ಮರ್ಯಾದೆಯಿಂದ ಯಾರೂ ತೂಗಿರಲಿಲ್ಲ.

"ಬ್ಯಾಡ ಸಾರ್. ನೀವು ಹೋದ್ರೆ ಇಲ್ಲಿ..." ಎಂದು ಸಬೀಹಾ ಮಾತು ಅರ್ಧಕ್ಕೇ ನಿಲ್ಲಿಸಿದಳು.

"ನಾನು ಹೋದ್ರೆ ಇಲ್ಲಿ ಕಾಫಿ ಖರ್ಚು ಉಳೀತದೆ ಕಣವ್ವ. ಆ ಹುಡುಗೀಗೆ ಮೆಟ್ಟಿಲು ಹತ್ತಿಸ್ತಾ ಇರೋದು ನಾನೇ ಅಲ್ವಾ? ಯಾರು ಇಳಿಸಬೇಕು ಮತ್ತೆ?"

ತಂಡದ ಅಧ್ಯಕ್ಷರು ಎತ್ತುಗಳಿಗೆ ಕಿಚ್ಚು ಹಾಯಿಸಲು ಊರಿಗೆ ಹೋಗಿದ್ದರು. ಫೋನಿನಲ್ಲಿ ಅರ್ಧ ಕೇಳಿಸಿಕೊಂಡು, "ನಿನ್ನ ಬದ್ಲು ಒಂದು ಹುಡುಗಿ ಸಿಕ್ತಾಳೆ ಅಂದ್ರೆ ಮಾಡಯ್ಯ, ನನ್ನೇನ್ ಕೇಳ್ತೀಯ" ಎಂದರು. ಇಪ್ಪತ್ತು ವರ್ಷದ ಸ್ನೇಹ.

ಮೂರೂವರೆಗೆ ಕಲ್ಲುಮಂಟಿಯಿಂದ ಫೋನು ಬಂತು. ನೀಲಾ ಏದುಸಿರು ಬಿಡುತ್ತಿದ್ದಳು.

"ಅಳದೆ ನೋಡ್ರಿ. ಹತ್ತ ಅಡಿ. ಸರಿಯಾಗಿ ಹತ್ತ."

"ಇನ್ನೊಂದ್ಸಲ ನೋಡು."

"ಎರಡ ಸಲ ನೋಡೇನ್ರಿ. ಕಬ್ಬಿನ ತುದೀಲೆ ಟೇಪ್ ರಿಂಗಿಗೆ ಮುಟ್ಟಿಸಿ, ಇನ್ನೊಂದ ತುದಿ ಕಾಲಾಗ ಒತ್ತಿ ಹಿಡದೆ. ಹತ್ತಂದ್ರ ಹತ್ತ."

ಸಬೀಹಾ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಹಾಗಾದರೆ ತಕ್ಕಡಿಯೇ ಸರಿ. ಹುಡುಗಿಯ ಕಾಲಿನಲ್ಲೇ ಬಲವಿಲ್ಲ, ನನ್ನದು ಮುದುಕನ ಹಗಲುಗನಸು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

"ಆಯ್ತು, ಬಾ ನೀನು" ಎಂದೆ.

"ಬರ್ತೀನಿ, ತಡೀರಿ. ಒಂದ ಚಪ್ಪಲಿ ಎಲಿಯೊಳಗ ಹೂತ ಹೋಗೇತಿ, ಹುಡುಕಾಕತ್ತೇನಿ."

ಫೋನು ಇಡಲು ಹೋದವನು ಹಾಗೆಯೇ ನಿಂತೆ. "ಏನಂದೆ? ಕಾಂಕ್ರೀಟ್ ನೆಲದಲ್ಲಿ ಚಪ್ಪಲಿ ಹೂತುಹೋಗ್ತದಾ?"

"ಕಂಬದ ಬುಡಕ ರಾಶಿ ಎಲಿ ಬಿದ್ದೈತ್ರಿ. ಕಾಲಿಟ್ಟರ ಒಳಗ ಹೋಗತೈತಿ."

"ಎಲೆ ಬಾಚು. ಪೂರ್ತಿ ಬಾಚು."

ಫೋನಿನಲ್ಲಿ ಸರಸರ ಸದ್ದು ಬಹಳ ಹೊತ್ತು ಕೇಳಿಸಿತು.

"ರೀ, ಇಲ್ಲೆ ಗುಣಿ ಐತಿ. ಕಂಬದ ಸುತ್ತ ಒಂದ ಮಾರಿನಷ್ಟ ಕಾಂಕ್ರೀಟ್ ಹಾಕೇ ಇಲ್ಲ. ಬರೇ ಮಣ್ಣ. ಟೇಪಿನ ತುದಿ ಆ ಮಣ್ಣಿಗೆ ಒತ್ತೇನಿ ನಾ."

ನಾನು ಇಪ್ಪತ್ತೊಂಬತ್ತು ವರ್ಷದ ಹಿಂದೆ ಟೇಪಿನ ತುದಿ ಒತ್ತಿದ್ದದ್ದೂ ಅದೇ ಮಣ್ಣಿಗೆ.

"ಮಕ್ಕಳು ಆಡೋದು ಗುಣೀಲಲ್ಲ ಕಣೆ, ನೆಲದ ಮೇಲೆ. ಜೊತೆಗೆ ಇನ್ನೊಂದು ಕಬ್ಬು ಐತಾ?"

"ಜೋಡಿ ತಂದೇನಿ."

"ಅದನ್ನ ಗುಣಿಗೆ ಅಡ್ಡ ಮಲಗಿಸು, ಎರಡೂ ತುದಿ ಕಾಂಕ್ರೀಟ್ ಮೇಲಿರಲಿ. ಆ ಕಬ್ಬಿನ ಅಡಿ ಮಟ್ಟಕ್ಕೆ ಟೇಪಲ್ಲಿ ಎಷ್ಟು ಬತ್ತದೆ ನೋಡು."

ಸಬೀಹಾ ಮೇಜಿನ ಅಂಚು ಹಿಡಿದುಕೊಂಡಿದ್ದಳು.

"ಒಂಬತ್ತ ಅಡಿ ಎಂಟ ಇಂಚ" ಎಂದಳು ನೀಲಾ.

ಸಬೀಹಾ ಕೂಡಲೇ ಇಂಪನಾಳ ಎಸೆತಗಳನ್ನು ಪರದೆಗೆ ತಂದು, ರಿಂಗನ್ನು ಮಾತ್ರ ನಾಲ್ಕು ಇಂಚು ಕೆಳಗಿಳಿಸಿದಳು. ಯಂತ್ರ ಹಳೆಯ ಎಸೆತಗಳನ್ನೆಲ್ಲ ಹೊಸ ರಿಂಗಿಗೆ ಹಾಕತೊಡಗಿತು. ಅಂಚಿನಲ್ಲಿ ಕುಂತಿದ್ದ ಕೆಂಪು ಚುಕ್ಕೆಗಳು ಒಂದೊಂದಾಗಿ ರಿಂಗಿನ ಒಳಗೆ ಸರಿದು ಹಸಿರಾದವು. ನೂರು, ಇನ್ನೂರು, ನಾನೂರು. ಕಡೆಗೆ ಕೆಂಪು ಉಳಿದದ್ದು ಬೆರಳೆಣಿಕೆಯಷ್ಟು.

"ಸಾರ್, ಲೀಗಲ್ಲೇ ಇಂಥಾ ಗುರಿ ಇನ್ನೊಂದಿಲ್ಲ" ಎಂದಳು ಸಬೀಹಾ. ಬಾಸ್ಕೆಟ್‌ಬಾಲ್ ಮುಟ್ಟದ ಹುಡುಗಿಯ ಕಣ್ಣಲ್ಲಿ ನೀರಿತ್ತು.

ಇನ್ನು ಬೇಕಿದ್ದದ್ದು ಬೆಳಗಾವಿಯ ಒಪ್ಪಿಗೆ. ಅಲ್ಲಿನ ಕಾರ್ಯದರ್ಶಿ ಅಡಿವೆಪ್ಪ ಹುದ್ದಾರ ಮಾತಿನಲ್ಲಿ ಬೆಣ್ಣೆ, ವ್ಯವಹಾರದಲ್ಲಿ ಕಗ್ಗಲ್ಲು. ಬೇಗ ಹೇಳಿದರೆ ಅವನು ಯೋಚಿಸುತ್ತಾನೆ. ಐದೂ ಕಾಲಿಗೆ ಫೋನು ಮಾಡಿ ಎಳ್ಳುಬೆಲ್ಲ, ಚಳಿ, ಮಂಡಿನೋವು ಎಲ್ಲ ಮುಗಿಸಿ, ಎಮ್ಮೆಯ ಹಲ್ಲು ಎಣಿಸುವ ದನಿಯಲ್ಲಿ ವಿಷಯ ಎತ್ತಿದೆ.

ಆ ಕಡೆ ಅವನು ಪರದೆಯ ಗುಂಡಿ ಒತ್ತುವ ಸದ್ದು ಕೇಳಿಸಿತು. ಆಮೇಲೆ, "ಗೌಡ್ರ, ಒಂದ ಮಾತ ಕೇಳ್ತೀನಿ. ನಿಮಗ ಇಪ್ಪತ್ತಮೂರ ಲಕ್ಷ ನುಕ್ಸಾನ ಅಂತೈತಿ ತಕ್ಕಡಿ. ಆರ ವರ್ಷ ಯಾರೂ ಮಾಡದ್ದ ನೀವ್ಯಾಕ ಮಾಡಾಕತ್ತೀರಿ? ಆ ಹುಡುಗಿ ಬಗ್ಗೆ ನಿಮಗೇನ ಗೊತ್ತೈತಿ?"

"ಹುಡುಗಿ ಇರಲಿ ಅಡಿವೆಪ್ಪಾರೇ. ನನ್ನ ಹೆಂಡ್ತಿ ಗೋಕಾಕದೋಳು. ತವರು ಕಡೆ ಇರಬೇಕು ಅಂತ ಮೂವತ್ತು ವರ್ಷದಿಂದ ಕೇಳ್ತಾ ಅವಳೆ. ನನಗೂ ವಯಸ್ಸಾಯ್ತು. ನಿಮ್ಮಲ್ಲಿ ನನ್ನ ಸಂಬಳಕ್ಕೆ ಹೊಂದೋ ಜಾಗ ಅಂದ್ರೆ ಆ ಹುಡುಗೀದೊಂದೇ."

"ಅಕ್ಕಾರ ಜೋಡಿ ಮಾತಾಡಸ್ರಿ ಹಂಗಾರ."

ಇದನ್ನು ನಾನು ಎಣಿಸಿರಲಿಲ್ಲ. ನಾನು ನನ್ನನ್ನೇ ಮಾರಿಕೊಳ್ಳುತ್ತಿರುವ ಸಂಗತಿ ನೀಲಾಗೆ ಹೇಳಿಯೇ ಇರಲಿಲ್ಲ. ಬೇರೆ ದಾರಿಯಿರಲಿಲ್ಲ, ಅದೇ ಕರೆಗೆ ಅವಳನ್ನೂ ಸೇರಿಸಿದೆ. ಅವಳು ಅಷ್ಟರಲ್ಲಿ ಮನೆ ಮುಟ್ಟಿದ್ದಳು.

"ಅಕ್ಕಾರ, ನಿಮ್ಮ ಯಜಮಾನ್ರು ನಮ್ಮ ತಂಡಕ್ಕ ಬರ್ತೀನಿ ಅನ್ನಾಕತ್ತಾರ. ನೀವ ತವರಮನಿ ಕಡೆ ಇರಬೇಕಂತ ಕೇಳೀರಂತ. ಖರೇ ಏನ್ರಿ?"

ಗಡಿಯಾರದ ಮುಳ್ಳು ಐದೂ ಮೂವತ್ತೆಂಟರ ಮೇಲಿತ್ತು. ಸಬೀಹಾ ಕಣ್ಣು ಮುಚ್ಚಿಕೊಂಡಳು.

"ಮೂವತ್ತ ವರ್ಷ ಆತ್ರಿ ಅಣ್ಣಾರ ಕೇಳಾಕತ್ತು" ಎಂದಳು ನೀಲಾ. "ಇವತ್ತ ಬಾಯಿ ಬಿಟ್ಟಾರ ನೋಡ್ರಿ." ಕೊನೆಯ ಮಾತಿನಲ್ಲಿ ದನಿ ಒಡೆಯಿತು. ಅದು ನಟನೆಯಾಗಿರಲಿಲ್ಲ.

ಅಡಿವೆಪ್ಪ ಮುಂದೆ ಚೌಕಾಸಿ ಮಾಡಲಿಲ್ಲ. "ಬರ್ರಿ ಅಕ್ಕಾರ. ಹೆಣ್ಣಮಗಳ ತವರಿಗೆ ಬರ್ತೀನಿ ಅಂದ್ರ ಬ್ಯಾಡ ಅನ್ನಾಕ ನಾ ಯಾರು."

ಅದಲುಬದಲು ದಾಖಲಾದ ಮೇಲೆ ಹತ್ತು ನಿಮಿಷ ಅದು ಎಂಟೂ ಪರದೆಗಳಲ್ಲಿ ಇರುತ್ತದೆ. ಆ ಹತ್ತು ನಿಮಿಷ ಮಾತ್ರ ಯಾರು ಯಾರ ಕಡತ ತೆರೆದರು ಎಂಬುದೂ ಕಾಣುತ್ತದೆ. ಆ ಹೊತ್ತಿನಲ್ಲಿ ಬೇರೆ ತಂಡ ಹೆಚ್ಚಿಗೆ ಕೊಡಲು ಬಂದರೆ ಅಡಿವೆಪ್ಪ ಆ ಕಡೆ ವಾಲಬಹುದು. ಐದೂ ನಲವತ್ತೊಂಬತ್ತಕ್ಕೆ ಗುಂಡಿ ಒತ್ತಿದೆ.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ನನ್ನ ಫೋನು ಕುಣಿಯತೊಡಗಿತು. ಮೈಸೂರು, ಹಾಸನ, ದಾವಣಗೆರೆ. ಆರು ವರ್ಷದಿಂದ ಮಲಗಿದ್ದ ಸಂತೆ ಎದ್ದು ಕೂತಿತ್ತು. ನಾನು ಯಾವ ಕರೆಯನ್ನೂ ತೆಗೆಯಲಿಲ್ಲ. ಮೈಸೂರಿನವರು ಇಂಪನಾಳ ಕಡತ ತೆರೆದರು ಎಂದು ಪರದೆ ತೋರಿಸಿತು. ನಂತರ ತಪ್ಪಿದ ಎಸೆತಗಳ ಚಿತ್ರ ತೆರೆದರು. ಅದನ್ನು ದಿಟ್ಟಿಸುತ್ತಾ ಎರಡು ನಿಮಿಷ ಕಳೆದರು. ಸಬೀಹಾ ಬಾಯಲ್ಲೇ ಏನೋ ದುವಾ ಹೇಳಿಕೊಳ್ಳುತ್ತಿದ್ದಳು, ನಾನು ನಮ್ಮ ಮಾದೇಶ್ವರನಿಗೆ ತಲೆಗೂದಲ ಹರಕೆ ಹೇಳಿಕೊಂಡೆ. ಇರುವುದು ಸ್ವಲ್ಪವೇ, ಆದರೂ ಹೇಳಿಕೊಂಡೆ.

ಮೈಸೂರಿನವರು ತಕ್ಕಡಿಯನ್ನು ಕೇಳಿದರು. ತಕ್ಕಡಿ ಹದಿನೈದು ಲಕ್ಷ ಎಂದಿತು. ಅವರು ಕಡತ ಮುಚ್ಚಿದರು.

ಐದೂ ಐವತ್ತೊಂಬತ್ತಕ್ಕೆ ಪರದೆ ಹಸಿರಾಯಿತು. ಸಬೀಹಾ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು, ಯಾವಾಗ ಹತ್ತಿದಳೋ ಅವಳಿಗೇ ಗೊತ್ತಿಲ್ಲ.

ಆರು ಹೊಡೆದ ಮೇಲೆ ಅಡಿವೆಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಇನ್ನು ಅವನ ಅನ್ನ ತಿನ್ನುವವನು, ಮುಚ್ಚಿಡುವುದು ಸರಿಯಲ್ಲ. ಅವನು ಎಲ್ಲ ಕೇಳಿಸಿಕೊಂಡು, "ಮಂಡ್ಯದವರ ಬೆಲ್ಲ ತಿಂದರ ಹಲ್ಲ ಎಣಿಸ್ಕೋಬೇಕ ನೋಡ್ರಿ" ಎಂದ. ಮರುಕ್ಷಣವೇ ಸೇರಿಸಿದ, "ನಮ್ಮ ಕಡೇನೂ ಸಾವಿರ ಸಾಲಿ ಅದಾವು ಗೌಡ್ರ. ಆ ಟೇಪ ತಗೊಂಡ ಬರ್ರಿ."

ಇಂಪನಾಗೆ ಫೋನು ಮಾಡಿದಾಗ ಅವಳು ಮೆಟ್ಟಿಲ ಮೇಲೇ ಇದ್ದಳು. ಪಟ್ಟಿಯಿಂದ ಹೆಸರು ಹೋಯಿತು ಎಂದು ಹೇಳಲು ಮಾಡಿದ್ದೀರಾ ಸಾರ್ ಎಂದು ಅವಳೇ ಕೇಳಿದಳು.

"ಇಳಿ ಕಣವ್ವ ಕೆಳಕ್ಕೆ. ನಿನ್ನ ಕಾಲು ಚೆನ್ನಾಗವೆ. ನಿಮ್ಮ ಸ್ಕೂಲಿನ ರಿಂಗು ನಾಲ್ಕು ಇಂಚು ಗಿಡ್ಡ ಐತೆ. ನೀನು ಇಷ್ಟು ವರ್ಷ ಆ ರಿಂಗಿಗೇ ಸರಿಯಾಗಿ ಹಾಕ್ತಾ ಇದ್ದೀಯ."

ಅವಳು ಕೂತಳೆಂದು ಕಾಣುತ್ತದೆ. "ನಮ್ಮಕ್ಕಂಗೂ ಹಂಗೇ ಹೇಳಿದ್ರು ಸಾರ್. ಕಾಲಲ್ಲಿ ಬಲ ಇಲ್ಲ ಅಂತ. ಆಟಾನೇ ಬುಟ್ಬುಟ್ಲು." ಆಮೇಲೆ ಕೇಳಿದಳು, "ಯಾರು ಸಾರ್ ಆ ಕಂಬ ನೆಟ್ಟಿದ್ದು?"

"ನಾನು."

ಅವಳು ಫೋನು ಇಟ್ಟುಬಿಟ್ಟಳು. ಅದು ನ್ಯಾಯವೇ. ಅವಳ ಅಕ್ಕನ ಹೆಸರಿನ ಮುಂದೆ ಬರೆದ ಪೆನ್ನು ನನ್ನದೇ ಇರಬೇಕು ಎಂದು ನನಗೆ ಅನುಮಾನವಿತ್ತು. ಕೇಳುವ ಧೈರ್ಯ ಬರಲಿಲ್ಲ.

ಮಾರ್ಚಿನಲ್ಲಿ ಸೆಮಿಫೈನಲ್ ಬಂತು. ಮಂಡ್ಯ ಮತ್ತು ಬೆಳಗಾವಿ. ನಾನು ಬೆಳಗಾವಿಯ ಬೆಂಚಿನ ಮೇಲೆ ಅಡಿವೆಪ್ಪನ ಪಕ್ಕ ಕೂತಿದ್ದೆ. ಅಷ್ಟರಲ್ಲಿ ಆ ಕಡೆಯ ನೂರ ಹತ್ತು ಶಾಲೆಗಳ ರಿಂಗು ಅಳೆದಿದ್ದೆ, ಇಪ್ಪತ್ತಾರು ತಪ್ಪಿದ್ದವು. ಮಿಕ್ಕ ತಂಡಗಳ ಕಾರ್ಯದರ್ಶಿಗಳೂ ಟೇಪು ಹಿಡಿದು ಹೊರಟಿದ್ದಾರೆ ಎಂಬ ಸುದ್ದಿ ಇತ್ತು.

ಆಟ ಮುಗಿಯಲು ಮೂರು ಸೆಕೆಂಡು. ನಾವು, ಎಂದರೆ ಬೆಳಗಾವಿ, ಒಂದು ಅಂಕ ಮುಂದೆ. ಇಂಪನಾಗೆ ಎರಡು ಫ್ರೀ ಥ್ರೋ, ಒಂದೊಂದಕ್ಕೂ ಒಂದು ಅಂಕ. ಅವಳು ರಿಂಗಿನ ಮುಂದಿನ ಅಂಚನ್ನು ಬಿಟ್ಟು ಹಿಂದಿನ ಅಂಚನ್ನು ದಿಟ್ಟಿಸಿದಳು. ಮೊದಲನೆಯದು ಬಲೆಯನ್ನು ಮಾತ್ರ ಮುಟ್ಟಿ ಇಳಿಯಿತು. ಎರಡನೆಯದೂ ಹಾಗೆಯೇ ಇಳಿಯಿತು. ಮಂಡ್ಯ ಗೆದ್ದಿತು. ಎದುರಿನ ಬೆಂಚಿನ ಹಿಂದೆ ಸಬೀಹಾ ಮತ್ತೆ ಕುರ್ಚಿ ಹತ್ತಿದ್ದಳು. ನಾನು ಕರ್ಚೀಫು ಬಾಯಿಗೆ ಒತ್ತಿಕೊಂಡೆ.

"ನಗಬ್ಯಾಡ್ರಿ ಗೌಡ್ರ, ಕ್ಯಾಮೆರಾ ನೋಡಾಕತ್ತೈತಿ" ಎಂದ ಅಡಿವೆಪ್ಪ. ಅವನೂ ನಗುತ್ತಿದ್ದ.

ಗದ್ದಲವೆಲ್ಲ ಸ್ವಲ್ಪ ಇಳಿದ ಮೇಲೆ ಇಂಪನಾ ಅಂಕಣ ದಾಟಿ ನನ್ನ ಎದುರಿಗೆ ಬಂದು ನಿಂತಳು. ಆ ಸಂಜೆಯ ನಂತರ ನಾವು ಮಾತಾಡಿರಲಿಲ್ಲ. ನಾನು ಎದ್ದು ನಿಂತೆ. ನೀಲಾ ನನ್ನ ಹಿಂದಿನ ಸಾಲಿನಲ್ಲಿ ತನ್ನ ಮೂವರು ತಂಗಿಯರ ನಡುವೆ ಕೂತಿದ್ದಳು.

"ಸಾರ್, ಊರಲ್ಲಿ ರಿಂಗು ಸರಿ ಮಾಡ್ಸಿದ್ರಂತೆ."

"ಹೋದ ತಿಂಗಳೇ ಮಾಡಿಸ್ದೆ ಕಣವ್ವ. ಹತ್ತು ಅಡಿ."

"ಅಳತೆ ಮಾಡಿದ್ದು ಯಾರು?"

ನಾನು ಹಿಂದಕ್ಕೆ ತಿರುಗಿ ಕೈ ತೋರಿಸಿದೆ. "ನನ್ನ ಹೆಂಡ್ತಿ."

ಅವಳು ನೀಲಾಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಹಂಗಾದ್ರೆ ಸರಿಯಾಗಿರ್ತದೆ ಬುಡಿ" ಎಂದು ಹೇಳಿ ಹೋದಳು.